ಬಾರಿಸದ ಜಾಗಟೆ

ಹೊಳೆಯ ದಂಡೆಯ ಮೇಲೆ ಒಂದು ಸಣ್ಣ ಮಠ. ಮೇಲೆ ಹುಲ್ಲಿನ ಚಪ್ಪರ, ಒಳಗೆ ಎಂದೂ ಆರದ ಒಲೆ. ಅಲ್ಲಿ ನಿರ್ವಾಣಯ್ಯ ಎಂಬ ಗುರುಗಳಿದ್ದರು. ಅವರಿಗೆ ಚೆನ್ನವೀರನೆಂಬ ಶಿಷ್ಯ.

ಆ ಮಠದಲ್ಲಿ ಹಿಂದಿನಿಂದ ಬಂದ ಒಂದು ನಡಾವಳಿ ಇತ್ತು. ಮಧ್ಯಾಹ್ನ ಅಡಿಗೆ ಇಳಿಸಿದ ಮೇಲೆ ಶಿಷ್ಯನಾದವನು ಹೊಳೆಯಂಚಿನ ಬಂಡೆ ಹತ್ತಿ ಜಾಗಟೆ ಬಾರಿಸಬೇಕು. ‘ಹಸಿದವರು ಬನ್ನಿ’ ಎಂದು ಕೂಗಬೇಕು. ಕೂಗಿ ಬಂದ ಮೇಲೆಯೇ ಗುರುಗಳು ಉಣ್ಣುವುದು. ಮಳೆಯಿರಲಿ ಬಿಸಿಲಿರಲಿ, ಅದು ತಪ್ಪಿದ್ದಿಲ್ಲ.

ಆ ವರ್ಷ ನಾಡಿನ ಅರಸ ತೀರಿಕೊಂಡ. ಮಕ್ಕಳಿರಲಿಲ್ಲ. ಸಿಂಹಾಸನ ತನ್ನದು ಎಂದ ಮಂತ್ರಿ. ದಂಡನ್ನು ಕೈಯಲ್ಲಿಟ್ಟುಕೊಂಡಿದ್ದ ದಳವಾಯಿ, ಇಲ್ಲ, ತನ್ನದು ಎಂದ.

ಚೆನ್ನವೀರ ದಿನಾ ಬೆಳಿಗ್ಗೆ ದೋಣಿ ನಿಲ್ಲುವ ಕಡೆಗೆ ಹೋಗಿ ಸುದ್ದಿ ಕೇಳಿಕೊಂಡು ಬರತೊಡಗಿದ.

“ಬುದ್ಧಿ, ಕೋಟೆ ಮಂತ್ರಿಯ ಕೈ ಸೇರಿತಂತೆ.”

ಗುರುಗಳು ಮುತ್ತುಗದ ಎಲೆ ಹಚ್ಚುತ್ತಿದ್ದರು. “ಹೌದೆ?” ಎಂದರು.

ಮರುದಿನ ಓಡುತ್ತಲೇ ಬಂದ.

“ಬುದ್ಧಿ, ಕೋಟೆ ಈಗ ದಳವಾಯಿಯದಂತೆ. ಮಂತ್ರಿಯ ಕಡೆಯವರನ್ನು ಹುಡುಕಿ ಹುಡುಕಿ ಹಿಡಿಯುತ್ತಿದ್ದಾರಂತೆ.”

“ಹೌದೆ?”

“ನಿಮಗೆ ಏನೂ ಅನ್ನಿಸುವುದಿಲ್ಲವೆ?”

“ಅನ್ನಿಸುತ್ತದೆ. ನಿನ್ನೆಯಿಂದ ಸೊಪ್ಪು ಸೋಸುವವರಿಲ್ಲ ಅನ್ನಿಸುತ್ತದೆ.”

ಚೆನ್ನವೀರ ಸೊಪ್ಪಿನ ಮುಂದೆ ಕುಳಿತ. ಕೈ ಸೊಪ್ಪಿನಲ್ಲಿ, ಕಿವಿ ದಾರಿಯಲ್ಲಿ. ಬಲಿತ ದಂಟನ್ನು ಬುಟ್ಟಿಗೆ ಹಾಕಿ ಎಳೆಯ ಸೊಪ್ಪನ್ನು ಹೊರಗೆಸೆಯುತ್ತಿದ್ದ. ಗುರುಗಳು ಎದ್ದು ಬಂದು ಎಸೆದದ್ದನ್ನು ಆರಿಸಿಕೊಂಡರು.

“ಸುದ್ದಿ ತರುವುದೇ ಬೇಡ ಅನ್ನುತ್ತೀರಾ?”

“ತಾರಪ್ಪ. ಹೊತ್ತು ತಂದದ್ದನ್ನು ಇಳಿಸುವುದನ್ನೂ ಕಲಿ.”

ಒಂದು ಮಧ್ಯಾಹ್ನ ಅವನು ಜಾಗಟೆ ಹಿಡಿದು ಬಂಡೆ ಹತ್ತಿದ. ಮೇಲುಗಡೆಯ ಹೊಂಗೆ ತೋಪಿನಲ್ಲಿ ಕುದುರೆಗಳು ಕಂಡವು. ಭರ್ಜಿಯ ಮೊನೆಗಳು ಬಿಸಿಲಿಗೆ ಹೊಳೆದವು. ಅವನು ಹಾಗೆಯೇ ಬಗ್ಗಿ ಕೆಳಗಿಳಿದು ಬಂದುಬಿಟ್ಟ.

ಗುರುಗಳು ಎಲೆಯ ಮುಂದೆ ಕುಳಿತಿದ್ದರು.

“ಜಾಗಟೆ ಕೇಳಲಿಲ್ಲ.”

“ಬಾರಿಸಲಿಲ್ಲ ಬುದ್ಧಿ. ತೋಪಿನಲ್ಲಿ ಕುದುರೆಯವರಿದ್ದಾರೆ. ಸದ್ದು ಕೇಳಿದರೆ ನೇರ ಇಲ್ಲಿಗೇ ಬರುತ್ತಾರೆ.”

“ಬಂದರೆ?”

“ಸೈನಿಕರು ಬುದ್ಧಿ.”

“ಅವರಿಗೆ ಹೊಟ್ಟೆ ಇಲ್ಲವೆ?”

“ಒಂದು ದಿನ ತಾನೆ. ದಿನಾ ಬರುವವರಿಗೆ ದಾರಿ ಗೊತ್ತು. ಕೂಗದಿದ್ದರೂ ಬರುತ್ತಾರೆ.”

ಗುರುಗಳು ಮುಂದಿದ್ದ ಎಲೆಯನ್ನು ಬೋರಲು ಹಾಕಿದರು.

ಯಾರೂ ಬರಲಿಲ್ಲ. ಅನ್ನದ ಆವಿ ಆರಿತು. ಸಾರಿನ ಮೇಲೆ ಕೆನೆ ಕಟ್ಟಿತು.

ಬಹಳ ಹೊತ್ತಿನ ಮೇಲೆ ಕೋಲೂರಿಕೊಂಡು ಸಂಕವ್ವ ಬಂದಳು. ಊರ ಕೊನೆಯ ಗುಡಿಸಲಿನ ಮುದುಕಿ, ದಿನವೂ ಮಠದಲ್ಲೇ ಉಣ್ಣುವವಳು. ಬಾಗಿಲಲ್ಲಿ ನಿಂತು ಗುರುಗಳನ್ನು ದಿಟ್ಟಿಸಿದಳು.

“ಇಲ್ಲೇ ಇದ್ದೀರಲ್ಲ ಬುದ್ಧಿ. ಸ್ವಾಮಿಗಳು ಓಡಿಹೋದರು ಅಂತ ಊರೆಲ್ಲ ಗುಲ್ಲು.”

“ಯಾರು ಹಾಗೆ ಹೇಳಿದವರು?” ಎಂದ ಚೆನ್ನವೀರ.

“ನೀನೇ ಅಲ್ಲವೇನಪ್ಪ, ಬಾಯಿ ಮುಚ್ಚಿಕೊಂಡು ಹೇಳಿದವನು. ಜಾಗಟೆ ಇಲ್ಲ ಅಂದರೆ ಮಠದಲ್ಲಿ ಜನ ಇಲ್ಲ ಅಂತ ತಾನೆ? ತೋಪಿನ ದಂಡು ನೋಡಿ ಸ್ವಾಮಿಗಳಿಗೇ ಜೀವದ ಹೆದರಿಕೆ ಬಂತು ಅಂದಮೇಲೆ ನಮ್ಮ ಪಾಡೇನು ಅಂತ ಎಲ್ಲರೂ ಗಂಟು ಕಟ್ಟಿದರು. ಹೊಳೆ ದಾಟಿ ಕಾಡು ಸೇರುತ್ತಾರಂತೆ.”

“ಹೊಳೆ ತುಂಬಿ ಹರಿಯುತ್ತಿದೆಯಲ್ಲ.”

“ನಾನೂ ಅಂದೆ. ಮುದುಕಿಯ ಮಾತು ಯಾರಿಗೆ ಬೇಕು. ಬಸುರಿ ಹೆಂಗಸರು, ಕೈಗೂಸುಗಳು, ಎಲ್ಲ ನೀರಿನಂಚಿಗೆ ಬಂದು ನಿಂತಿದ್ದಾರೆ. ನನ್ನನ್ನು ಬಿಟ್ಟು ಹೊರಟರು. ಒಳ್ಳೆಯದೇ ಆಯಿತು, ನನಗೆ ಹಸಿವಾಗಿತ್ತು.”

ಚೆನ್ನವೀರ ಗುರುಗಳ ಕಾಲು ಹಿಡಿದ.

“ನೀವೇ ಬಾರಿಸಿ ಬುದ್ಧಿ. ನನಗೆ ಭಯವಾಗುತ್ತಿದೆ.”

“ನನ್ನ ಪೆಟ್ಟು ಅವರಿಗೆ ಗುರುತಿಲ್ಲ. ನಿನ್ನದು ಗುರುತು.”

“ಈ ಭಯ ಸ್ವಲ್ಪ ಇಳಿಯಲಿ. ಆಮೇಲೆ ಹೋಗುತ್ತೇನೆ.”

“ಅಲ್ಲಿಯವರೆಗೆ ಹೊಳೆ ನಿಂತಿರುತ್ತದೆಯೆ?”

“ಹೆದರಿಕೊಂಡು ಹೇಗೆ ಹೋಗಲಿ?”

“ನಡೆದುಕೊಂಡು.”

ಚೆನ್ನವೀರ ಎದ್ದ. ಬಂಡೆ ಹತ್ತಿದ. ಮೊದಲ ಪೆಟ್ಟು ಜಾಗಟೆಯ ಅಂಚಿಗೆ ಬಿದ್ದು ನರಳಿದಂತೆ ಸದ್ದಾಯಿತು. ಎರಡನೆಯದು ಸರಿಯಾಗಿ ಬಿತ್ತು. ಕೆಳಗೆ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಸೊಂಟದವರೆಗೆ ನೀರಿಗಿಳಿದಿದ್ದ ಒಬ್ಬ ಅಲ್ಲಿಯೇ ನಿಂತ.

ತೋಪಿನಲ್ಲಿಯೂ ತಲೆಗಳು ಇತ್ತ ತಿರುಗಿದವು. ಸವಾರರು ಕುದುರೆ ಏರುವುದು ಕಂಡಿತು. ಚೆನ್ನವೀರ ಮೂರನೆಯ ಪೆಟ್ಟು ಹಾಕಿ ಕೂಗಿದ.

“ಹಸಿದವರು ಬನ್ನಿ.”

ನೀರಿನಲ್ಲಿದ್ದವನು ಹಿಂದಕ್ಕೆ ತಿರುಗಿದ. ಅವನ ಹಿಂದೆ ಉಳಿದವರೂ ತಿರುಗಿದರು.

ಊರವರು ಕೆಳಗಿನಿಂದ ಬಂದರು, ಕುದುರೆಯವರು ಮೇಲಿನಿಂದ. ಎರಡೂ ಗುಂಪು ಅಂಗಳ ಮುಟ್ಟಿದ್ದು ಒಟ್ಟಿಗೇ. ಕುದುರೆಯವರ ಮುಖಂಡ ಇಳಿಯದೆ ಕೇಳಿದ.

“ಈ ಮಠ ಯಾರ ಕಡೆ? ಮಂತ್ರಿಯ ಕಡೆಯೋ, ನಮ್ಮ ದಳವಾಯಿಗಳ ಕಡೆಯೋ?”

ಚೆನ್ನವೀರ ಗುರುಗಳತ್ತ ನೋಡಿದ. ಗುರುಗಳು ಅನ್ನದ ಹಂಡೆಯತ್ತ ನೋಡುತ್ತಿದ್ದರು.

“ಕತ್ತಿ ಹೊರಗಿಟ್ಟು ಕೈಕಾಲು ತೊಳೆದು ಬನ್ನಿ. ಅನ್ನ ಆಗಲೇ ಆರಿದೆ” ಎಂದ ಚೆನ್ನವೀರ.

“ಕೇಳಿದ್ದಕ್ಕೆ ಉತ್ತರ ಕೊಡು.”

ಸಂಕವ್ವ ಆಗಲೇ ಎಲೆ ಹಿಡಿದು ಕುಳಿತಿದ್ದಳು. “ಮೊದಲು ನೀನು ಹೇಳಪ್ಪ, ಉಂಡದ್ದು ಯಾವಾಗ? ನಿನ್ನ ಕುದುರೆಯ ಪಕ್ಕೆಲುಬು ನೋಡಿದರೆ ನಿನ್ನ ಹೊಟ್ಟೆಯ ಸುದ್ದಿ ತಿಳಿಯುತ್ತದೆ.”

ಹಿಂದಿದ್ದ ಸವಾರನೊಬ್ಬ ನಕ್ಕುಬಿಟ್ಟ. ಇನ್ನೊಬ್ಬ ಇಳಿದೇಬಿಟ್ಟ. ಸ್ವಲ್ಪ ಹೊತ್ತಿಗೆ ಮುಖಂಡನೂ ಪಂಕ್ತಿಯಲ್ಲಿ ಕುಳಿತಿದ್ದ, ನೀರಿನಿಂದ ಹಿಂದಿರುಗಿದವನ ಪಕ್ಕದಲ್ಲಿ. ಗುರುಗಳು ತಮ್ಮ ಎಲೆಯನ್ನು ಎತ್ತಿ ನೇರ ಮಾಡಿಕೊಂಡರು.

ಉಂಡು ಕೈತೊಳೆದ ಮುಖಂಡ ಜಾಗಟೆಯನ್ನು ಎತ್ತಿ ಕಂಕುಳಲ್ಲಿಟ್ಟುಕೊಂಡ.

“ಜನ ಒಂದು ಕಡೆ ಸೇರಬಾರದು ಅಂತ ದಳವಾಯಿಗಳ ಅಪ್ಪಣೆ. ಉಂಡ ಋಣಕ್ಕೆ ಇವತ್ತು ಬಿಟ್ಟಿದ್ದೇನೆ. ನಾಳೆ ಇಲ್ಲಿ ಪಂಕ್ತಿ ಕಂಡರೆ ಚಪ್ಪರಕ್ಕೆ ಬೆಂಕಿ.”

“ನಾಳೆ ನಿಮಗೆ ಹಸಿವಾದರೆ?” ಎಂದರು ಗುರುಗಳು.

ಅವನು ಮುಖ ತಿರುಗಿಸಿ ಕುದುರೆ ಹತ್ತಿದ.

ಸಂಜೆ ಚೆನ್ನವೀರ ಪಾತ್ರೆ ತಿಕ್ಕುತ್ತಾ ಕೇಳಿದ.

“ನಾಳೆ ಏನು ಮಾಡೋಣ ಬುದ್ಧಿ?”

“ಇವತ್ತು ಸಾರು ಸಾಲಲಿಲ್ಲ. ನಾಳೆ ಬೇಳೆ ಜಾಸ್ತಿ ಹಾಕು.”

“ಬೆಂಕಿ ಹಚ್ಚಿದರೆ?”

“ಹುಲ್ಲು ಕೊಯ್ಯುವ ಕೆಲಸ ಬೀಳುತ್ತದೆ. ಕುಡುಗೋಲು ಎಲ್ಲಿಟ್ಟಿದ್ದೀಯ?”

“ಜಾಗಟೆಯೂ ಇಲ್ಲವಲ್ಲ.”

“ಅದನ್ನು ಒಯ್ದರು. ಬಂಡೆಯನ್ನೂ ಒಯ್ದರೇನು?”

ಮರುದಿನ ಚೆನ್ನವೀರ ಸುದ್ದಿ ಕೇಳಲು ಹೋಗಲಿಲ್ಲ. ಮಧ್ಯಾಹ್ನ ಗುರುಗಳು ಹೇಳುವ ಮೊದಲೇ ಎದ್ದು ಬಂಡೆ ಹತ್ತಿದ. ಎರಡೂ ಕೈ ಬಾಯಿಯ ಸುತ್ತ ಇಟ್ಟುಕೊಂಡು, ಕತ್ತಿನ ನರ ಉಬ್ಬುವ ಹಾಗೆ ಕೂಗಿದ.

ಜನ ಬಂದರು. ನಿನ್ನೆಯಷ್ಟಿಲ್ಲ, ಆದರೂ ಬಂದರು. ಎಲ್ಲರಿಗಿಂತ ಮೊದಲು ಸಂಕವ್ವ.

“ಕತ್ತೆಗೆ ಹೊಟ್ಟೆನೋವು ಬಂತು ಅಂದುಕೊಂಡೆ. ಕೇಳಿಸಿತು ಬಿಡು, ಅಷ್ಟೇ ಸಾಕು.”

ಬಡಿಸಲು ತೊಡಗಿದಾಗ ಮೇಲಿನ ದಾರಿಯಲ್ಲಿ ಗೊರಸಿನ ಸದ್ದಾಯಿತು.

ಪಂಕ್ತಿಯಲ್ಲಿ ತುತ್ತುಗಳು ನಿಂತವು. ಒಬ್ಬ ತಾಯಿ ಮಗುವಿನ ತೋಳು ಹಿಡಿದಳು. ದಾರಿಯ ಕಡೆ ನೋಡಿದವರು ಕಡಿಮೆ. ಹೆಚ್ಚಿನವರು ನೋಡುತ್ತಿದ್ದದ್ದು ಚೆನ್ನವೀರನ ಕೈಯನ್ನು.

ಅವನಿಗೆ ಅದು ತಿಳಿಯಿತು. ಈ ಕೈ ನಿಂತರೆ ಇವರೆಲ್ಲ ಏಳುತ್ತಾರೆ. ಎದ್ದರೆ ಓಡುತ್ತಾರೆ. ಓಡಿದರೆ ಮುಂದೆ ಇರುವುದು ಹೊಳೆ.

ಮುಂದಿನ ಎಲೆಗೆ ಸಾರು ಬಡಿಸಿದ. ಅದರ ಮುಂದಿನದಕ್ಕೂ ಬಡಿಸಿದ. ಸಾರು ಸ್ವಲ್ಪ ನೆಲಕ್ಕೆ ಚೆಲ್ಲಿತು. ತಾಯಿ ಮಗುವಿನ ತೋಳು ಬಿಟ್ಟು ಅನ್ನ ಕಲಸತೊಡಗಿದಳು.

ಗೊರಸಿನ ಸದ್ದು ಅಂಗಳದ ಅಂಚಿಗೆ ಬಂದು ನಿಂತಿತು. ಪಂಕ್ತಿಯಿಂದ ಯಾರೂ ಏಳಲಿಲ್ಲ.

ಚೆನ್ನವೀರ ಕೊನೆಯ ಎಲೆಗೆ ಬಂದ. ಅದು ಗುರುಗಳದು. ಬಗ್ಗಿ ಬಡಿಸುತ್ತಾ, ಅವರಿಗಷ್ಟೇ ಕೇಳುವ ಹಾಗೆ ಹೇಳಿದ.

“ಬುದ್ಧಿ, ಭಯ ಇನ್ನೂ ಹೋಗಿಲ್ಲ.”

ಗುರುಗಳು ಅನ್ನದಲ್ಲಿ ಗುಳಿ ಮಾಡಿ ಸಾರು ಹಾಕಿಸಿಕೊಂಡರು.

“ಅದಕ್ಕೂ ಒಂದು ಎಲೆ ಹಾಕು ಮಗೂ. ಸೌಟು ಮಾತ್ರ ಅದರ ಕೈಗೆ ಕೊಡಬೇಡ.”