ಕೆರೆ ಸುತ್ತಿದ ಬೆಕ್ಕು, ಕೆರೆ ದಾಟಿದ ಸುದ್ದಿ

ಮಕ್ಕಳೇ, ಕೊನೆಯ ಬಸ್ಸು ನಿಲ್ಲುವ ಜಾಗದಿಂದ ಇನ್ನೂ ಎರಡು ದಿನ ನಡೆದರೆ ಕರೆಬಂಡೆ ಕೆರೆ ಸಿಗುತ್ತದೆ. ಮೂರು ದಿನ ಎನ್ನುವವರೂ ಇದ್ದಾರೆ. ಅವರ ಕಾಲು ಗಿಡ್ಡವಿರಬೇಕು.

ಆ ಕೆರೆಯ ಈಚೆ ದಡದಲ್ಲಿ ಒಬ್ಬ ಆಮೆಯಜ್ಜನಿದ್ದ. ಈಚೆ ದಡದಿಂದ ಆಚೆ ದಡಕ್ಕೆ ಸುತ್ತಿ ಹೋಗುವ ಅರ್ಧ ದಾರಿಯಲ್ಲಿ, ಕೆಸರು ಇರುವ ಕಡೆ, ಕೆಂಚವ್ವ ಎಂಬ ಎಮ್ಮೆ. ಹೆಸರಷ್ಟೇ ಕೆಂಚವ್ವ, ಬಣ್ಣ ಅಪ್ಪಟ ಕಪ್ಪು. ಆಚೆ ದಡದ ಬಯಲಿನಲ್ಲಿ ಈರವ್ವ ಎಂಬ ಟಿಟ್ಟಿಭ ಹಕ್ಕಿ. ಟಿಟ್ಟಿಭಗಳು ಮರದಲ್ಲಿ ಗೂಡು ಕಟ್ಟುವುದಿಲ್ಲ, ಬರಿ ನೆಲದ ಮೇಲೇ ಮೊಟ್ಟೆ ಇಡುತ್ತವೆ. ಈರವ್ವನ ನಾಲ್ಕು ಮೊಟ್ಟೆ ಒಡೆದು ಮರಿ ಬರಲು ಇನ್ನು ಮೂರೇ ದಿನ ಬಾಕಿಯಿತ್ತು.

ಅಲ್ಲಿಗೆ ಪೇಟೆಯಿಂದ ಒಬ್ಬ ಬಂದ. ಬೆಕ್ಕು. ಹೆಸರು ಪದ್ದ.

ಪೇಟೆಯಲ್ಲಿ ಪದ್ದ ಒಂದೇ ಬೀದಿಯ ಹತ್ತು ಮನೆಗಳಲ್ಲಿ ಹತ್ತು ಕತೆ ಹೇಳಿ ಹತ್ತು ಬಟ್ಟಲು ಹಾಲು ಕುಡಿಯುತ್ತಿದ್ದ. ಒಂದು ಮನೆಯಲ್ಲಿ ಅನಾಥ, ಪಕ್ಕದ ಮನೆಯಲ್ಲಿ ಬಾಣಂತಿಯ ಗಂಡ. ಗೋಡೆಯ ಈಚೆಯವರಿಗೆ ಆಚೆಯವರ ಹೆಸರೂ ಗೊತ್ತಿರಲಿಲ್ಲ, ಹಾಗಾಗಿ ನಡೆಯುತ್ತಿತ್ತು. ಆದರೆ ದಿನಾ ಹಾಲು ಕುಡಿದು ಬೇಸರ ಬಂದು, ಅವನಿಗೆ ಮೊಟ್ಟೆಯ ಆಸೆ ಹುಟ್ಟಿತು. ಕರೆಬಂಡೆ ಕೆರೆಯ ಬಯಲಲ್ಲಿ ಮೊಟ್ಟೆ ನೆಲದ ಮೇಲೇ ಸಿಗುತ್ತದೆಂದು ಎಲ್ಲೋ ಕೇಳಿದ್ದ.

'ಪೇಟೆಯವರಿಗೇ ಮಂಕುಬೂದಿ ಎರಚಿದವನು ನಾನು. ಆ ಮೂಲೆಯವರು ಪಾಪ, ಮುಗ್ಧರು. ಪೇಪರಿಲ್ಲ, ಟಿವಿಯಿಲ್ಲ. ಪಕ್ಕದ ದಿಬ್ಬದ ಸುದ್ದಿ ಕೂಡ ಅವರಿಗೆ ತಲುಪುವುದಿಲ್ಲ' ಎಂದುಕೊಂಡು ಹೊರಟ. ಕೆರೆ ಸೇರುವಷ್ಟರಲ್ಲಿ ಹೊಟ್ಟೆ ಬೆನ್ನಿಗೆ ಅಂಟಿತ್ತು.

ಮೊದಲು ಸಿಕ್ಕಿದವನು ಆಮೆಯಜ್ಜ. "ಯಾರ ಪೈಕಿ ಸ್ವಾಮಿ? ಎಲ್ಲಿಂದ ಬಂದಿರಿ? ಊಟ ಆಯಿತೇ? ಯಾವ ಕಡೆ ಹೊರಟಿರಿ?"

'ಮಾಡಲು ಬೇರೆ ಕೆಲಸವಿಲ್ಲ ಇವಕ್ಕೆ' ಎಂದುಕೊಂಡ ಪದ್ದ. "ಕಣ್ಣಿನ ಡಾಕ್ಟರು ಅಜ್ಜ ನಾನು. ಆಚೆ ದಡದಲ್ಲಿ ಯಾರಿಗೋ ಕಣ್ಣು ಮಂಜಂತೆ."

"ಒಳ್ಳೆಯದಾಯಿತು ಬಿಡಿ" ಎಂದು ಆಮೆಯಜ್ಜ ನೀರಿಗಿಳಿದ.

ಪದ್ದ ದಡ ಹಿಡಿದು ಅರ್ಧ ದಾರಿ ಸುತ್ತಿದ. ಅಲ್ಲಿ ಕೆಂಚವ್ವ, ಅವಳ ಬೆನ್ನ ಮೇಲೆ ಒಂದು ಬೆಳ್ಳಕ್ಕಿ. ಅವಳೂ ಅದೇ ನಾಲ್ಕು ಪ್ರಶ್ನೆ ಕೇಳಿದಳು, ಅದೇ ಕ್ರಮದಲ್ಲಿ. ಪದ್ದನಿಗೆ ಡಾಕ್ಟರಿಕೆ ಆಗಲೇ ಹಳತಾಗಿತ್ತು.

"ನಾನು ಸನ್ಯಾಸಿ ತಾಯಿ. ಮೀನು, ಮೊಟ್ಟೆ ಮುಟ್ಟದೆ ಹನ್ನೆರಡು ವರ್ಷವಾಯಿತು."

"ವಯಸ್ಸೆಷ್ಟು?"

"ಮೂರು."

"ಹೌದೇ!" ಎಂದು ಕೆಂಚವ್ವ ಕಿವಿ ಅಲ್ಲಾಡಿಸಿದಳು. ಬೆಳ್ಳಕ್ಕಿ ಸುಮ್ಮನೆ ಎದ್ದು ಹಾರಿತು.

ಕೊನೆಗೆ ಪದ್ದ ಈರವ್ವನ ಮುಂದೆ ನಿಂತ. ಬಾಯಲ್ಲಿ ನೀರೂರುತ್ತಿತ್ತು. "ಗುರುತು ಸಿಗಲಿಲ್ಲವೇ ಅಕ್ಕಾ? ನಿನ್ನ ಚಿಕ್ಕಮ್ಮನ ನೆರೆಮನೆಯವನು ನಾನು! ಹೋಗು, ನಾಲ್ಕು ಹುಳ ತಿಂದು ಬಾ. ಅಷ್ಟು ಹೊತ್ತು ಕಾವು ನಾನು ಕೊಡುತ್ತೇನೆ. ಮುಟ್ಟಿ ನೋಡು, ಮೈ ಎಷ್ಟು ಬೆಚ್ಚಗಿದೆ."

ಈರವ್ವ ಮೊಟ್ಟೆ ಬಿಟ್ಟು ಕದಲಲಿಲ್ಲ. "ಕಾವು ಆಮೇಲಾಯಿತು ಡಾಕ್ಟ್ರೇ. ದಾರಿಯಲ್ಲೇ ಸನ್ಯಾಸ ತೆಗೆದುಕೊಂಡಿರಂತೆ? ಮೂರು ವರ್ಷದ ಮೈಯೊಳಗೆ ಹನ್ನೆರಡು ವರ್ಷದ ವ್ರತ ಹೇಗೆ ತುರುಕಿದಿರಿ?"

ಪದ್ದನ ಬಾಲ ನೆಟ್ಟಗಾಯಿತು. "ಯಾ... ಯಾರು ಹೇಳಿದರು? ಇಲ್ಲಿ ಫೋನು ಕೂಡ ಇಲ್ಲವಲ್ಲ!"

"ನೀವು ಕೆರೆ ಸುತ್ತಿ ಬಂದಿರಿ. ಸುದ್ದಿ ಕೆರೆ ದಾಟಿ ಬಂತು. ಹೊಸಬರನ್ನು ಎಲ್ಲರೂ ಅದದೇ ಕೇಳುವುದು ಸುಮ್ಮನೆಯೇ? ಉತ್ತರವೂ ಅದೇ ಬರುತ್ತದೋ ಎಂದು ನೋಡುವುದಕ್ಕೆ."

ಬೆನ್ನ ಹಿಂದೆ ಬುಸ್ಸೆಂದು ಬಿಸಿಯುಸಿರು ಬಡಿಯಿತು. ಕೆಂಚವ್ವ ಬಂದಿದ್ದಳು. "ಸನ್ಯಾಸಿಗಳಿಗೆ ದಿನಕ್ಕೆ ಮೂರು ಸ್ನಾನವಲ್ಲವೇ?" ಎಂದವಳೇ ಪದ್ದನನ್ನು ಕೊಂಬಿನಲ್ಲಿ ಎತ್ತಿ ಕೆರೆಗೆ ಒಗೆದಳು. ಕೆಮ್ಮುತ್ತ ದಡ ಹತ್ತಿದರೆ ಮತ್ತೆ ಒಗೆದಳು. ಆಮೆಯಜ್ಜ ನೀರಿನಿಂದ ತಲೆ ಎತ್ತಿ, "ಇನ್ನೊಂದು ಬಾಕಿ" ಎಂದ.

ಮೂರನೆಯದೂ ಮುಗಿಯಿತು. ಪದ್ದ ಓಡಿದ ಓಟಕ್ಕೆ ದಾರಿಯ ಕಲ್ಲುಗಳೇ ಪಕ್ಕಕ್ಕೆ ಸರಿದವಂತೆ. ದಿಬ್ಬ ಹತ್ತಿ ಇಳಿದು, ಮುಂದಿನ ಕೆರೆ ಕಂಡ ಮೇಲೆಯೇ ಅವನು ನಿಂತದ್ದು. ಬೆಳ್ಳಕ್ಕಿ ತನಗಿಂತ ಮೊದಲೇ ದಿಬ್ಬ ದಾಟಿದ್ದನ್ನು ಅವನು ನೋಡಿರಲಿಲ್ಲ.

'ಇಲ್ಲಿ ನನ್ನನ್ನು ಯಾರು ಬಲ್ಲರು? ಈ ಸಲ ಮೇಷ್ಟರು ಎಂದರಾಯಿತು' ಎಂದುಕೊಂಡು, ಮೀಸೆ ತಿದ್ದಿ, ಗಂಭೀರವಾಗಿ ದಡಕ್ಕೆ ಇಳಿದ.

ಅಲ್ಲಿ ಕೂತಿದ್ದ ಕಪ್ಪೆಯೊಂದು ಒಂದೇ ಕಣ್ಣು ತೆರೆದು ಹೇಳಿತು: "ಮೊದಲು ಮೈ ಒರೆಸಿಕೊಳ್ಳಿ ಡಾಕ್ಟ್ರೇ, ಶೀತವಾದೀತು."

ನೀತಿ: ಊರು ದೂರವಿದ್ದ ಮಾತ್ರಕ್ಕೆ ಅಲ್ಲಿಯವರಿಗೆ ಏನೂ ತಿಳಿಯದೆಂದು ಎಣಿಸಬಾರದು, ಅಲ್ಲಿ ಒಬ್ಬರಿಗೆ ಹೇಳಿದ ಸುಳ್ಳು ಎಲ್ಲರಿಗೂ ಹೇಳಿದಂತೆ.