ಹೇರಿದವನು ಎದುರಿಗೆ ನಿಂತ ಕತೆ

ಏಳು ಹಳ್ಳ, ಮೂರು ಗಡಿ ದಾಟಿದರೆ ಒಂದು ಹತ್ತಿಯ ರಾಜ್ಯ. ಅಲ್ಲಿ ಊಟ ಚೆನ್ನ, ರಾಜ ಸುಮಾರು. ಹತ್ತಿಗೆ ಹುಳ ಬಿದ್ದರೆ ಔಷಧಿ ಹೊಡೆಯಲು ಅವನಿಗೊಂದು ಹಳದಿ ವಿಮಾನವಿತ್ತು. ಹಾರಿಸುವವಳು ಸಂಕವ್ವ. ಕತ್ತೆಯ ಮೇಲೆ ಔಷಧಿ ತಂದು ತುಂಬುವವನು ಮೇಸ್ತ್ರಿ ಗುರುಬಾಳ.

ವಿಮಾನ ಹೊರುವುದು ಇಪ್ಪತ್ತು ಕೊಡ. ಗುರುಬಾಳ ಕದ್ದುಮುಚ್ಚಿ ಮೂವತ್ತು ಸುರಿಯುತ್ತಿದ್ದ. ಕೆಲಸ ಬೇಗ ಮುಗಿದರೆ ರಾಜನಿಂದ ಶಾಲು, ಮೇಲೆ ಮಧ್ಯಾಹ್ನದ ನಿದ್ದೆ!

ಮೊದಲ ದಿನ ವಿಮಾನ ಓಡಿತು, ಓಡಿತು, ಏಳಲೇ ಇಲ್ಲ, ಬೇಲಿಗೆ ನುಗ್ಗಿತು. ಕಮ್ಮಾರ ತಟ್ಟಿ ಸರಿಮಾಡಿದ. ಎರಡನೆಯ ಸಲ ಓಡಿತು, ಓಡಿತು, ಮೊಳದಷ್ಟು ಎದ್ದು ಬಣವೆಗೆ ಬಿತ್ತು. ಮತ್ತೆ ತಟ್ಟಿದ. ಮೂರನೆಯ ಸಲ ಓಡಿತು, ಓಡಿತು, ಆಳೆತ್ತರ ಎದ್ದು ರಾಜನ ಬದನೆ ತೋಟಕ್ಕೇ ಬಿತ್ತು. ಪ್ರತಿ ಸಲವೂ ಔಷಧಿಯೆಲ್ಲ ಚೆಲ್ಲಿಹೋಯಿತು, ಸಾಕ್ಷಿ ಎಲ್ಲಿ?

"ಹೆಂಗಸರ ಕೈಗೆ ಕೊಟ್ಟರೆ ಹೀಗೇ, ಬುದ್ಧಿ," ಅಂದ ಗುರುಬಾಳ.

"ಅಯ್ಯೋ ನನ್ನ ಬದನೆಕಾಯಿ!" ಅಂದ ರಾಜ. "ಸಂಕವ್ವಾ, ಇನ್ನೊಂದು ಸಲ ಬಿದ್ದರೆ ನಿನಗೆ ಆಕಾಶವಿಲ್ಲ. ಆ ರೆಕ್ಕೆ ಕಿತ್ತು ದನದ ಕೊಟ್ಟಿಗೆಗೆ ಹೊದಿಸ್ತೀನಿ."

ಸಂಕವ್ವ ಕತ್ತೆಯ ಪಕ್ಕ ಕೂತು ಮೂಗು ಒರೆಸಿಕೊಂಡಳು.

"ಅಕ್ಕಾ, ಹೆಚ್ಚು ಹೇರಿದ ದಿನ ಗುರುಬಾಳ ನನ್ನ ಹಿಂದೆ ನಿಲ್ಲೋದಿಲ್ಲ," ಅಂದಿತು ಕತ್ತೆ. "ಒದೆ ಬೀಳೋದು ಅಲ್ಲೇ ಅಂತ ಗೊತ್ತು. ನಿನ್ನ ವಿಮಾನಕ್ಕೂ ಹೆಚ್ಚೇ ಹೇರ್ತಾನೆ. ಅದು ಬೀಳೋದೆಲ್ಲಿ?"

"ಮುಂದೆ."

"ಮತ್ತೆ?" ಕತ್ತೆ ಕಿವಿ ಆಡಿಸಿತು.

ಮರುದಿನ ಗುರುಬಾಳ ಮೂವತ್ತು ಕೊಡ ಸುರಿದು ಮುಚ್ಚಳ ಹಾಕಿದ್ದೇ ತಡ, ಸಂಕವ್ವ ರಾಜನಿಗೆ ಕೈಮುಗಿದಳು. "ಬುದ್ಧಿ, ಹೊಲದಲ್ಲಿ ಗುರುತಿಗೆ ಬಾವುಟ ಹಿಡಿದು ಒಬ್ಬರು ನಿಲ್ಲೋದು ರೂಢಿ. ಇವತ್ತು ವಿಮಾನ ಓಡುವ ದಾರಿಯ ಕೊನೆಯಲ್ಲೂ ಒಬ್ಬರು ನಿಲ್ಲಲಿ. ಮೇಸ್ತ್ರಿಗಳೇ ನಿಂತರೆ ಲಕ್ಷಣ."

"ಆಗಲಿ," ಅಂದ ರಾಜ.

ಗುರುಬಾಳ ಬಾವುಟ ಹಿಡಿದು ನಿಂತ. ಎಂಜಿನ್ ಗುಡುಗಿತು.

"ತಡಿ ತಾಯಿ!" ಓಡಿಬಂದ. "ಒಂದೈದು ಕೊಡ ಇಳಿಸ್ತೀನಿ." ಇಳಿಸಿದ, ಹೋಗಿ ನಿಂತ. ಎಂಜಿನ್ ಗುಡುಗಿತು. "ತಡಿ ತಾಯಿ! ಇನ್ನು ಮೂರು." ಇಳಿಸಿದ, ಹೋಗಿ ನಿಂತ. "ತಡಿ ನಮ್ಮವ್ವಾ! ಇನ್ನೆರಡೇ ಎರಡು!"

ರಾಜ ಬೆರಳು ಮಡಚುತ್ತಿದ್ದ. ಎರಡೂ ಕೈಯ ಬೆರಳು ಮುಗಿದು ಲೆಕ್ಕ ಹತ್ತಕ್ಕೆ ನಿಂತಿತು.

"ಈ ಹತ್ತು ಕೊಡ ಹತ್ತಿದ್ದು ಯಾವಾಗಯ್ಯಾ, ಗುರುಬಾಳ?"

ಗುರುಬಾಳ ಬಾಯಿ ತೆರೆಯುವಷ್ಟರಲ್ಲಿ ವಿಮಾನ ಓಡಿತು, ಓಡಿತು, ಕೊಕ್ಕರೆಯ ಹಾಗೆ ಎದ್ದಿತು! ಅದರ ಗಾಳಿಗೆ ಗುರುಬಾಳನ ಪೇಟವೂ ಹಾರಿತು. ಊರೆಲ್ಲ ಕೇಕೆ.

ಈಗ ಆ ಕೊಡಗಳನ್ನು ಗುರುಬಾಳ ಒಂದೊಂದೇ ತಲೆಯ ಮೇಲೆ ಹೊತ್ತು ತರುತ್ತಾನೆ. ಮಧ್ಯಾಹ್ನದ ನಿದ್ದೆ ಕತ್ತೆಯದು.

ಕೇಳಿದಿರಾ ಮಕ್ಕಳೇ? ಇನ್ನೊಬ್ಬರ ಮೇಲೆ ಭಾರ ಹೇರುವ ಮೊದಲು, ಅದು ಬೀಳುವ ಜಾಗದಲ್ಲಿ ನೀವೇ ಒಂದು ಗಳಿಗೆ ನಿಂತು ನೋಡಿ.