ಉಂಗುರವನ್ನು ಅಲ್ಲಗಳೆದ ಲೆನ್ಸಜ್ಜಿ

ಫಕೀರಪ್ಪನ ಸ್ಟುಡಿಯೊದ ಬೀರುವಿನಲ್ಲಿ ಮೂಲೆ ಹಿಡಿದಿದ್ದ ಹಳೇ ಲೆನ್ಸಜ್ಜಿಗೆ ಮೊನ್ನೆ ಹೊಸ ಕ್ಯಾಮೆರಾದ ಯೋಗ ಕೂಡಿಬಂತು ನೋಡಿ. ಇಬ್ಬರ ಅಳತೆಯೂ ಕೂಡದೆ, ನಡುವೆ ಒಂದು ಹಿತ್ತಾಳೆ ಉಂಗುರ ಹಾಕಿ ಜೋಡಿಸಿದ್ದರು. ಪಟ ಚೆಂದ ಬಂದದ್ದೇ ತಡ, ಅಜ್ಜಿಯ ಬಿಂಕ ಹೇಳತೀರದು.

"ನಿನ್ನನ್ನು ಆ ಉಂಗುರ ಹೊತ್ತು ಕೂರಿಸಿತಂತೆ?" ಎಂದು ಫ್ಲ್ಯಾಶ್ ಕೆಣಕಿತು.

"ಯಾವ ಉಂಗುರ? ಆ ಬೀದಿ ಬಳೆಯೇ? ನನ್ನ ಪಾಡಿಗೆ ನಾನೇ ಹೋಗಿ ಕೂತೆ ಕಣೋ!"

ಪಕ್ಕದಲ್ಲೇ ಬಿಚ್ಚಿಟ್ಟಿದ್ದ ಉಂಗುರಕ್ಕೆ ಇದೆಲ್ಲ ಕೇಳಿಸಿತು.

"ಹಾಗಾದರೆ ಬಾರಮ್ಮ, ಈಗಲೂ ಕೂತು ತೋರಿಸು. ಕೂರದಿದ್ದರೆ ಗುಜರಿಯೇ ಗತಿ," ಎಂದಿತು ಕ್ಯಾಮೆರಾ.

ಅಜ್ಜಿ ಹೋದಳು. ಎಡಕ್ಕೆ ತಿರುಗಿದಳು, ಬಲಕ್ಕೆ ತಿರುಗಿದಳು, ಒಂದು ಸುತ್ತೂ ಕಚ್ಚಲಿಲ್ಲ. ಎಲ್ಲರೆದುರು ಜಾರಿ ದಬಕ್ಕನೆ ಬಿದ್ದಳು. ಟ್ರೈಪಾಡಿನ ಮೂರು ಕಾಲೂ ನಗುವಿಗೆ ನಡುಗಿದವು. ಅಜ್ಜಿ ತನ್ನೊಳಗೆ ಬೆಳಕು ಬಿಡುವ ಲೋಹದ ಎಸಳುಗಳನ್ನೆಲ್ಲ ಮುಚ್ಚಿಕೊಂಡು ಕುರುಡಿಯಂತೆ ಬಿದ್ದಿದ್ದಳು.

ಅಷ್ಟರಲ್ಲಿ ಮದುಮಗಳು ಬಂದು ಪಟಕ್ಕೆ ಕೂತಳು. ಉಂಗುರ ತಾನಾಗಿಯೇ ಉರುಳಿಬಂದು ಅಜ್ಜಿಯನ್ನು ಎತ್ತಿ ಕ್ಯಾಮೆರಾಕ್ಕೆ ಕೂಡಿಸಿತು.

"ಕಣ್ಣು ಬಿಡು, ಅಜ್ಜಿ."

"ಯಾವ ಮುಖ ಇಟ್ಟುಕೊಂಡು ನಿನ್ನನ್ನು ನೋಡಲೋ?"

"ನಾನಿರೋದು ನಿನ್ನ ಬೆನ್ನ ಹಿಂದೆ. ನೀನು ಆ ಹುಡುಗಿಯನ್ನು ನೋಡು," ಎಂದಿತು ಉಂಗುರ.